ಚರ್ಚಿನ ಅಂಗಳದಲ್ಲಿ ಮಕ್ಕಳ ಫುಟ್‌ಬಾಲ್: ತರಬೇತಿಯನ್ನು ಕುಟುಂಬದ ಸೇವೆಯಾಗಿ ಕೈಗೊಳ್ಳುವವರಿಗೆ ಮಾರ್ಗದರ್ಶಿ

ಧಾರವಾಡದ ನಮ್ಮ ಕ್ರೈಸ್ತ ಸಭೆಯ ಅಂಗಳದಲ್ಲಿ ಶನಿವಾರದ ತರಬೇತಿ ಆರಂಭಿಸಿದ ಮೊದಲ ವರ್ಷ, ಗೇಟಿನ ಹೊರಗೆ ಒಬ್ಬ ಹುಡುಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿರುತ್ತಿದ್ದ. ಚೆಂಡು ಗೇಟಿನತ್ತ ಉರುಳಿ ಬಂದರೆ ಅದನ್ನು ಒಳಕ್ಕೆ ಒದ್ದು ಮತ್ತೆ ಸುಮ್ಮನೆ ನಿಲ್ಲುತ್ತಿದ್ದ. ಮೂರನೆಯ ವಾರ ನನ್ನ ಹೆಂಡತಿ ಹೋಗಿ ಒಳಗೆ ಕರೆದಾಗ ಅವನು ಕೇಳಿದ್ದು ಒಂದೇ ಮಾತು: "ನಾವು ಚರ್ಚಿನವರಲ್ರೀ, ಆಡಬಹುದೇನ್ರೀ?" ಮಕ್ಕಳಿಗೆ ಆಟ ಕಲಿಸುವುದನ್ನು ಕ್ರಿಸ್ತನ ಹೆಸರಿನ ಸೇವೆ ಎಂದು ಭಾವಿಸುವ ಯಾವುದೇ ಕುಟುಂಬವು ಆ ಪ್ರಶ್ನೆಗೆ ತನ್ನ ಉತ್ತರವೇನೆಂದು ಚೆಂಡು ಕೊಳ್ಳುವ ಮೊದಲೇ ತಿಳಿದಿರಬೇಕು. ನಮ್ಮ ಉತ್ತರ "ಆಡಬಹುದು" ಎಂಬುದಷ್ಟೇ. ಅದಕ್ಕೆ ಯಾವ ಷರತ್ತೂ ಇರಲಿಲ್ಲ. ಕೆಳಗಿನ ಸಲಹೆಗಳೆಲ್ಲ ಆ ಉತ್ತರವನ್ನು ವರ್ಷಗಟ್ಟಲೆ ಉಳಿಸಿಕೊಂಡು ಹೋಗುವುದು ಹೇಗೆ ಎಂಬುದನ್ನು ಕುರಿತವು. ನಮಗೆ ತಿಳಿದಿರುವ ಆಟ ಫುಟ್‌ಬಾಲ್ ಆದ್ದರಿಂದ ಉದಾಹರಣೆಗಳು ಅಲ್ಲಿಂದಲೇ ಬಂದಿವೆ. ಹಾಕಿ, ವಾಲಿಬಾಲ್, ಕಬಡ್ಡಿ ಕಲಿಸುವವರಿಗೂ ಇವುಗಳಲ್ಲಿ ಬಹುಪಾಲು ಸಲ್ಲುತ್ತವೆ.

ಸಭೆಗೂ ಆಟಕ್ಕೂ ಏನು ಸಂಬಂಧ ಎಂದು ಹಿರಿಯರು ಕೇಳಿದರೆ ಹೇಳಲು ಒಂದು ಚರಿತ್ರೆಯೇ ಇದೆ. ಜೇಮ್ಸ್ ನೈಸ್ಮಿತ್ 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ್ದು ಕ್ರೈಸ್ತ ಯುವಕರ ಸಂಘವಾದ ವೈಎಂಸಿಎ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ನಡೆಸುತ್ತಿದ್ದ ತರಬೇತಿ ಶಾಲೆಯಲ್ಲಿ. ನಾಲ್ಕು ವರ್ಷಗಳ ನಂತರ ವಾಲಿಬಾಲ್ ಹುಟ್ಟಿದ್ದೂ ವೈಎಂಸಿಎಯಲ್ಲಿಯೇ. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎಯ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಆದರೆ ಈ ಚರಿತ್ರೆಯಲ್ಲಿ ಅನುಸರಿಸಬಾರದ ಪುಟಗಳೂ ಇವೆ. ಶ್ರೀನಗರದ ಮಿಷನ್ ಶಾಲೆಗೆ 1891ರಲ್ಲಿ ಫುಟ್‌ಬಾಲ್ ತಂದ ಇಂಗ್ಲಿಷ್ ಮಿಷನರಿ ಟಿಂಡೇಲ್ ಬಿಸ್ಕೋ, ಚರ್ಮದ ಚೆಂಡನ್ನು ಮುಟ್ಟಲೊಲ್ಲದ ಹುಡುಗರನ್ನು ಕೋಲು ಹಿಡಿದ ಶಿಕ್ಷಕರ ಕಾವಲಿನಲ್ಲಿ ಬಲವಂತವಾಗಿ ಆಡಿಸಿದರು. ಅವರ ಶಾಲೆ ಕಾಶ್ಮೀರಕ್ಕೆ ಮಾಡಿದ ಒಳಿತು ದೊಡ್ಡದು. ಆದರೂ ಮಗುವಿನ ಮನಸ್ಸಿಗೆ ವಿರುದ್ಧವಾಗಿ ಆಡಿಸಿದ ಆಟ ಸೇವೆಯಾಗುವುದು ಹೇಗೆಂದು ನನಗೆ ತಿಳಿಯುವುದಿಲ್ಲ. ನನಗೆ ಹೆಚ್ಚು ಹತ್ತಿರವಾದುದು ಬೈಬಲಿನ ಜೆಕರ್ಯನ ಪುಸ್ತಕದ ಎಂಟನೆಯ ಅಧ್ಯಾಯ. ದೇವರು ಮರಳಿ ಕಟ್ಟುವ ಊರಿನ ಗುರುತಾಗಿ ಪ್ರವಾದಿ ಅಲ್ಲಿ ತೋರಿಸುವುದು ಬೀದಿ ತುಂಬ ಆಡುತ್ತಿರುವ ಹುಡುಗ ಹುಡುಗಿಯರನ್ನು.

ಮೊದಲ ಹೆಜ್ಜೆ: ಮನೆಯೊಳಗಿನ ಮಾತು

ಕುಟುಂಬದ ಸೇವೆ ಎಂದ ಮೇಲೆ ಕುಟುಂಬದ ಎಲ್ಲರಿಗೂ ಅದು ಒಪ್ಪಿಗೆಯಾಗಿರಬೇಕು. ಗಂಡ ಉತ್ಸಾಹದಿಂದ ಆರಂಭಿಸಿ, ಹೆಂಡತಿ ನೀರು ತುಂಬಿ, ಬಿಬ್ (ತಂಡದ ಗುರುತಿಗೆ ಅಂಗಿಯ ಮೇಲೆ ತೊಡುವ ತೋಳಿಲ್ಲದ ಬಣ್ಣದ ಮೇಲಂಗಿ) ಒಗೆದು, ಗಾಯಕ್ಕೆ ಔಷಧಿ ಹಚ್ಚಿ ದಣಿಯುವ ಏರ್ಪಾಡು ಒಂದು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಯಾರು ಆಟ ಕಲಿಸುವವರು, ಯಾರು ಹಾಜರಿ ಮತ್ತು ಪೋಷಕರ ಮಾತು ನೋಡಿಕೊಳ್ಳುವವರು, ದೊಡ್ಡ ಮಕ್ಕಳ ಪಾಲಿನ ಕೆಲಸ ಯಾವುದು, ಅಜ್ಜ ಅಜ್ಜಿಯರಿದ್ದರೆ ಅವರು ಎಲ್ಲಿ ಕೂತು ಏನು ಮಾಡಬಲ್ಲರು ಎಂಬುದನ್ನು ಒಂದು ಕಾಗದದ ಮೇಲೆ ಬರೆಯಿರಿ. ನಮ್ಮಲ್ಲಿ ಹುಡುಗಿಯರ ಗುಂಪನ್ನು ನನ್ನ ಹೆಂಡತಿಯೇ ಕಲಿಸುತ್ತಾಳೆ. ಶಾಲೆಯಲ್ಲಿ ಹ್ಯಾಂಡ್‌ಬಾಲ್ ಆಡಿದ್ದ ಅವಳು ಫುಟ್‌ಬಾಲನ್ನು ನನ್ನಿಂದಲೇ ಕಲಿತಳು. ಆದರೆ ಮಕ್ಕಳಿಗೆ ವಿವರಿಸುವುದರಲ್ಲಿ ನನಗಿಂತ ಎಷ್ಟೋ ಮುಂದಿದ್ದಾಳೆ. ವಾರಕ್ಕೆ ಒಂದು ದಿನದಿಂದ ಆರಂಭಿಸಿ, ಒಂದು ವರ್ಷ ಅದನ್ನು ತಪ್ಪದೆ ನಡೆಸಿದ ಮೇಲಷ್ಟೇ ಎರಡನೆಯ ದಿನದ ಯೋಚನೆ ಮಾಡಿ.

ಭಾನುವಾರದ ಪ್ರಶ್ನೆಯನ್ನೂ ಆಗಲೇ ತೀರ್ಮಾನಿಸಿ. ಮಕ್ಕಳ ಪಂದ್ಯಗಳು ನಮ್ಮಲ್ಲಿ ಹೆಚ್ಚಾಗಿ ನಡೆಯುವುದೇ ಭಾನುವಾರ ಬೆಳಿಗ್ಗೆ, ಆರಾಧನೆಯ ಹೊತ್ತಿಗೆ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನೂರು ಮೀಟರ್ ಓಟದ ಸುತ್ತು ಭಾನುವಾರ ಬಂದುದರಿಂದ, ಮುಂದೆ ಚೀನಾದಲ್ಲಿ ಮಿಷನರಿಯಾದ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಅದನ್ನು ಬಿಟ್ಟುಕೊಟ್ಟು, 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ ಸಂಗತಿ ಭಾನುವಾರ ಶಾಲೆಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಅವರ ಬದುಕಿನ ಇನ್ನೊಂದು ಸಂಗತಿಯನ್ನು ಹೇಳುವವರು ಕಡಿಮೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನಾದ ವೈಶಿಯೆನ್ ಬಂದಿಶಿಬಿರದಲ್ಲಿ ಅವರು ಮಕ್ಕಳಿಗೆ ಆಟ ಕಲಿಸುತ್ತಿದ್ದರು, ಭಾನುವಾರ ಮಾತ್ರ ಆಟ ನಿಲ್ಲಿಸುತ್ತಿದ್ದರು. ಒಂದು ಭಾನುವಾರ ಮಕ್ಕಳು ತಾವಾಗಿಯೇ ಹಾಕಿ ಆಡಲು ಹೋಗಿ ಆಟ ಜಗಳದಲ್ಲಿ ಮುಗಿದಾಗ, ಮುಂದಿನ ಭಾನುವಾರ ಲಿಡೆಲ್ ತಾವೇ ಅಂಪೈರ್ ಆಗಿ ನಿಂತರು. 1945ರ ಫೆಬ್ರವರಿಯಲ್ಲಿ ಆ ಶಿಬಿರದಲ್ಲಿಯೇ ತೀರಿಕೊಂಡರು. ತನಗಾಗಿ ಭಾನುವಾರ ಓಡಲು ಒಪ್ಪದವರು ಮಕ್ಕಳಿಗಾಗಿ ಭಾನುವಾರ ಮೈದಾನಕ್ಕೆ ಇಳಿದರು. ಇದರಿಂದ ನೀವು ಯಾವ ತೀರ್ಮಾನಕ್ಕೆ ಬಂದರೂ ಅದನ್ನು ಪೋಷಕರಿಗೆ ಮೊದಲೇ ತಿಳಿಸಿ. ನಾವು ಭಾನುವಾರ ಬೆಳಗಿನ ಪಂದ್ಯ ಒಪ್ಪುವುದಿಲ್ಲ, ಮಧ್ಯಾಹ್ನದ್ದನ್ನು ಒಪ್ಪುತ್ತೇವೆ.

ಎರಡನೆಯದು: ಅನುಮತಿ ಮತ್ತು ಪೋಷಕರ ನಂಬಿಕೆ

ಅಂಗಳ ಸಭೆಯದಾದರೆ ಸಭಾಪಾಲಕರ ಬಾಯಿಮಾತಿನ ಒಪ್ಪಿಗೆ ಸಾಲದು. ಸಮಿತಿಯ ಲಿಖಿತ ಅನುಮತಿ ಪಡೆಯಿರಿ. ಯಾವ ದಿನ, ಯಾವ ಹೊತ್ತು, ಮದುವೆ ಅಥವಾ ಶವಸಂಸ್ಕಾರದ ದಿನ ಏನು ಮಾಡುವುದು, ಕಿಟಕಿಯ ಗಾಜು ಒಡೆದರೆ ಯಾರು ಕೊಡುವುದು ಎಂಬುದೆಲ್ಲ ಅದರಲ್ಲಿರಲಿ.

ಪೋಷಕರ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ನಿಮ್ಮ ಅಂಗಳಕ್ಕೆ ಬರುವ ಮಕ್ಕಳಲ್ಲಿ ಲಿಂಗಾಯತರು, ಮುಸ್ಲಿಮರು, ಮರಾಠರು, ಸಭೆಯವರು ಎಲ್ಲರೂ ಇರುತ್ತಾರೆ. ಸಂವಿಧಾನದ 25ನೆಯ ವಿಧಿ ನಮ್ಮ ನಂಬಿಕೆಯನ್ನು ಹೇಳುವ ಹಕ್ಕನ್ನು ಕೊಟ್ಟಿದೆ. ಅದರ ಜೊತೆಗೆ 28ನೆಯ ವಿಧಿಯು ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಿಕ್ಷಣ ಸಂಸ್ಥೆಗಳಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಅಪ್ರಾಪ್ತ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಸೇರಿಸಬಾರದೆಂದು ಹೇಳುತ್ತದೆ. ನಮ್ಮ ಅಂಗಳ ಶಾಲೆಯಲ್ಲವಾದರೂ ಆ ನಿಯಮವನ್ನು ನಾವು ನಮ್ಮದೆಂದೇ ಒಪ್ಪಿಕೊಂಡಿದ್ದೇವೆ. ನೋಂದಣಿಯ ಫಾರಮ್ಮಿನಲ್ಲಿ ಎರಡು ಪ್ರತ್ಯೇಕ ಸಾಲುಗಳಿವೆ: ಆಟಕ್ಕೆ ಒಪ್ಪಿಗೆ ಒಂದು, ಕೊನೆಯ ಐದು ನಿಮಿಷದ ಪ್ರಾರ್ಥನೆಗೆ ಒಪ್ಪಿಗೆ ಇನ್ನೊಂದು. ಎರಡನೆಯದಕ್ಕೆ ಸಹಿ ಹಾಕದಿದ್ದರೂ ಮಗುವಿಗೆ ಸಿಗುವ ಚೆಂಡು, ಸಮಯ, ಪ್ರೀತಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ ಎಂದು ಪೋಷಕರಿಗೆ ಮುಖತಃ ಹೇಳಿ. ಬಿಸ್ಕತ್ತು, ಶೂ, ಜೆರ್ಸಿಗಳನ್ನು ಪ್ರಾರ್ಥನೆಯ ಹಾಜರಾತಿಗೆ ಎಂದೂ ಜೋಡಿಸಬೇಡಿ. ಕೊಡುವುದಾದರೆ ಬಂದ ಎಲ್ಲರಿಗೂ, ಆಟದ ನಡುವಿನ ವಿರಾಮದಲ್ಲಿ ಕೊಡಿ.

ಅದೇ ಫಾರಮ್ಮಿನಲ್ಲಿ ಮಗುವಿನ ವಯಸ್ಸು, ಇಬ್ಬರು ಹಿರಿಯರ ಫೋನ್ ನಂಬರು, ಉಬ್ಬಸ, ಮೂರ್ಛೆ, ಅಲರ್ಜಿಗಳ ವಿವರ, ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆ ಎಂಬ ಮಾಹಿತಿ ಇರಲಿ.

ಮೂರನೆಯದು: ಮಕ್ಕಳ ರಕ್ಷಣೆ

ಬಹಳ ಸಭೆಗಳು ಇದನ್ನು "ನಮ್ಮವರೇ ಅಲ್ಲವೇ" ಎಂದು ಬಿಟ್ಟುಬಿಡುತ್ತವೆ. ದಯವಿಟ್ಟು ಬಿಡಬೇಡಿ. ನಮ್ಮವರು ಎಂಬ ಸಲಿಗೆಯೇ ಮಗುವಿನ ಬಾಯಿ ಕಟ್ಟುತ್ತದೆ.

ನಮ್ಮ ನಿಯಮಗಳು ಕೆಲವೇ, ಆದರೆ ಅವುಗಳಿಗೆ ವಿನಾಯಿತಿಯಿಲ್ಲ. ಕನಿಷ್ಠ ಇಬ್ಬರು ವಯಸ್ಕರಿಲ್ಲದೆ ತರಬೇತಿ ನಡೆಯುವುದಿಲ್ಲ, ಮತ್ತು ಗಂಡ ಹೆಂಡತಿ ಇಬ್ಬರೇ ಇದ್ದರೆ ಅದನ್ನು ಒಬ್ಬರೆಂದೇ ಎಣಿಸಿ ಹೊರಗಿನ ಮೂರನೆಯವರನ್ನು ಕರೆಯುತ್ತೇವೆ. ಯಾವ ಮಗುವಿನೊಂದಿಗೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವಂತಿಲ್ಲ. ಬುದ್ಧಿ ಹೇಳಬೇಕಾದರೂ ಅಂಗಳದ ಅಂಚಿನಲ್ಲಿ, ಎಲ್ಲರಿಗೂ ಕಾಣುವಂತೆ ನಿಂತು ಹೇಳಬೇಕು. ಸಣ್ಣ ಮಕ್ಕಳು ಶೌಚಾಲಯಕ್ಕೆ ಇಬ್ಬಿಬ್ಬರಾಗಿ ಹೋಗುತ್ತಾರೆ. ಮಕ್ಕಳ ಫೋನಿಗೆ ನೇರ ಸಂದೇಶವಿಲ್ಲ, ಎಲ್ಲವೂ ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ. ಒಂದು ಮಗುವನ್ನು ಒಬ್ಬರೇ ಬೈಕಿನಲ್ಲಿ ಮನೆಗೆ ಬಿಡುವಂತಿಲ್ಲ. ಫೋಟೊ ಹಾಕುವುದಾದರೆ ಪೋಷಕರ ಒಪ್ಪಿಗೆ ಬೇಕು, ಹೆಸರು ಬರೆಯಬಾರದು. ಈ ನಿಯಮಗಳ ಪ್ರತಿಯನ್ನು ಸಭೆಯ ಹಿರಿಯರಲ್ಲಿ ತರಬೇತಿಗೆ ಸಂಬಂಧವಿಲ್ಲದ ಒಬ್ಬರಿಗೆ ಕೊಟ್ಟು, ದೂರು ಇದ್ದರೆ ಅವರಿಗೆ ಹೇಳಬಹುದೆಂದು ಮಕ್ಕಳಿಗೂ ತಿಳಿಸಿ.

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಎಲ್ಲರೂ ಮಕ್ಕಳೇ. ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಸಭೆಯೊಳಗೆ ಮಾತನಾಡಿ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098ನ್ನು ಅಂಗಳದ ಗೋಡೆಯ ಮೇಲೆ ಮಗುವಿನ ಕಣ್ಣಿನ ಎತ್ತರದಲ್ಲಿ ಬರೆಸಿ.

ನಾಲ್ಕನೆಯದು: ಸಾಮಾನು

ಹಣವನ್ನು ಜೆರ್ಸಿಗೆ ಸುರಿಯಬೇಡಿ, ಚೆಂಡಿಗೆ ಹಾಕಿ. ಎಂಟು ವರ್ಷದೊಳಗಿನವರಿಗೆ ಮೂರನೆಯ ಅಳತೆಯ ಚೆಂಡು, ಎಂಟರಿಂದ ಹನ್ನೆರಡರವರೆಗೆ ನಾಲ್ಕನೆಯದು, ಅದರಾಚೆ ಐದನೆಯದು. ಐದನೆಯ ಅಳತೆಯ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಅದನ್ನು ಏಳು ವರ್ಷದ ಮಗುವಿನ ಕಾಲಿಗೆ ಕೊಟ್ಟರೆ ಮಗು ಹೆಬ್ಬೆರಳಿನಿಂದ ಒದೆಯುವುದನ್ನೇ ಕಲಿಯುತ್ತದೆ, ಏಕೆಂದರೆ ಪಾದದ ಒಳಬದಿಯಿಂದ ತಳ್ಳಿದರೆ ಆ ಚೆಂಡು ದೂರ ಹೋಗುವುದಿಲ್ಲ. ಇಬ್ಬರಿಗೊಂದು ಚೆಂಡಾದರೂ ಇರಲಿ. ಕೋನ್‌ಗಳು, ಎರಡು ಬಣ್ಣದ ಬಿಬ್‌ಗಳು, ಒಂದು ಪಂಪು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಷ್ಟು ಸಾಕು. ಶೂ ಇಲ್ಲದ ಮಕ್ಕಳಿದ್ದರೆ ಉಳಿದವರೂ ಬರಿಗಾಲಿನಲ್ಲೇ ಆಡಲಿ. ಶೂ ಹಾಕಿದವರೂ ಹಾಕದವರೂ ಒಂದೇ ಚೆಂಡಿಗೆ ಕಾಲು ಹಾಕಿದರೆ ಗಾಯವಾಗುವುದು ಇಲ್ಲದವನಿಗೇ. ಕಬ್ಬಿಣದ ಗೋಲುಕಂಬಗಳನ್ನು ನೆಲಕ್ಕೆ ಬಿಗಿಯದೆ ನಿಲ್ಲಿಸಲೇಬೇಡಿ. ಪಂದ್ಯಕ್ಕೆ ಹೋದ ಒಂದು ಮೈದಾನದಲ್ಲಿ ಮಕ್ಕಳು ಜೋತಾಡಿದ ಕಂಬ ಮುಂದಕ್ಕೆ ಉರುಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೇವರ ದಯೆಯಿಂದ ಅದರಡಿ ಯಾರೂ ಇರಲಿಲ್ಲ.

ಐದನೆಯದು: ಒಂದು ಗಂಟೆಯ ತರಬೇತಿ

ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಒಂದು ಗಂಟೆ ಸಾಕು. ಅಂಗಳವನ್ನು ಸುತ್ತು ಹೊಡೆಸುವುದು, ಸಾಲಿನಲ್ಲಿ ನಿಲ್ಲಿಸಿ ಸರದಿ ಕಾಯಿಸುವುದು, ಇವೆರಡನ್ನೂ ಬಿಟ್ಟುಬಿಡಿ.

ಮೊದಲ ಹತ್ತು ಹದಿನೈದು ನಿಮಿಷ ಚೆಂಡಿನೊಂದಿಗೆ ಕೆರೆ-ದಡ ಆಡಿಸಿ. ಕೋನ್‌ಗಳಿಂದ ಒಂದು ದೊಡ್ಡ ಚೌಕ ಮಾಡಿ. "ಕೆರೆ" ಎಂದಾಗ ಎಲ್ಲರೂ ಚೆಂಡು ಉರುಳಿಸುತ್ತ ಚೌಕದೊಳಗೆ ಬರಬೇಕು, "ದಡ" ಎಂದಾಗ ಹೊರಗೆ ಹೋಗಿ ಅಂಗಾಲನ್ನು ಚೆಂಡಿನ ಮೇಲಿಟ್ಟು ನಿಲ್ಲಿಸಬೇಕು. ತಪ್ಪಿದವರನ್ನು ಹೊರಗೆ ಕೂರಿಸಬೇಡಿ. ಹೊರಗೆ ಕೂರುವ ಮಗುವೇ ಎಲ್ಲರಿಗಿಂತ ಹೆಚ್ಚು ಅಭ್ಯಾಸ ಬೇಕಾದ ಮಗು. ಹತ್ತು ಸಲ ಚೆಂಡು ಮುಟ್ಟಿಸಿ ಮತ್ತೆ ಸೇರಿಸಿಕೊಳ್ಳಿ.

ಮುಂದಿನ ಹದಿನೈದು ನಿಮಿಷ ಒಂದೇ ಒಂದು ಕೌಶಲ. ಪಾಸ್ ಕಲಿಸುವ ದಿನ ಪಾಸ್ ಮಾತ್ರ. ನಿಂತ ಕಾಲು ಚೆಂಡಿನ ಪಕ್ಕದಲ್ಲಿರಬೇಕು, ಅದರ ಬೆರಳುಗಳು ಚೆಂಡು ಹೋಗಬೇಕಾದ ಕಡೆಗೆ ತಿರುಗಿರಬೇಕು. ಒದೆಯುವ ಪಾದದ ಕೀಲು ಸಡಿಲವಾಗದೆ ಗಟ್ಟಿಯಾಗಿರಬೇಕು, ಚೆಂಡಿಗೆ ಪಾದದ ಒಳಬದಿ ತಾಗಬೇಕು. ನನ್ನ ಹೆಂಡತಿ ಇದನ್ನು ಹೇಳಲು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಎರಡು ಪಾದಗಳ ಚಿತ್ರ ಬರೆಯುತ್ತಾಳೆ, ಮಗು ಆ ಗುರುತಿನ ಮೇಲೆ ಕಾಲಿಟ್ಟು ನಿಲ್ಲುತ್ತದೆ. ನಾನು ಹತ್ತು ನಿಮಿಷ ಮಾತಿನಲ್ಲಿ ಹೇಳಿದ್ದು ಅಲ್ಲಿ ಅರ್ಧ ನಿಮಿಷದಲ್ಲಿ ಕಾಲಿಗೆ ಹತ್ತುತ್ತದೆ. ಹೆಡಿಂಗ್ ಕಲಿಸಬೇಡಿ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆಗಳು 2020ರಲ್ಲಿಯೇ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ತಲೆಯಿಂದ ಚೆಂಡು ಹೊಡೆಸುವುದು ಬೇಡವೆಂದು ಸೂಚಿಸಿವೆ.

ಉಳಿದ ಹೊತ್ತು ಪಂದ್ಯ. ಹನ್ನೊಂದು ಹನ್ನೊಂದು ಜನರ ಆಟ ಆಡಿಸಿದರೆ ಚುರುಕಾದ ನಾಲ್ವರು ಆಡುತ್ತಾರೆ, ಉಳಿದವರು ಓಡುತ್ತಾರೆ. ಸುಮಾರು ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಜಾಗದಲ್ಲಿ ನಾಲ್ವರ ವಿರುದ್ಧ ನಾಲ್ವರನ್ನು, ಗೋಲ್‌ಕೀಪರ್ ಇಲ್ಲದೆ, ಎರಡು ಹೆಜ್ಜೆ ಅಗಲದ ಕೋನ್ ಗೋಲುಗಳಿಗೆ ಆಡಿಸಿ. ತಂಡ ಮಾಡುವಾಗ ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳಲು ಹೇಳುವ ನಮ್ಮ ಬಾಲ್ಯದ ಪದ್ಧತಿಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ಪ್ರತಿ ಶನಿವಾರ ಕೊನೆಗೆ ಉಳಿಯುವ ಮಗು ಒಂದೇ ಆಗಿರುತ್ತದೆ, ಮತ್ತು ಆ ಮಗುವಿಗೆ ಅದು ಗೊತ್ತಿರುತ್ತದೆ. ಚೀಲದಿಂದ ಬಿಬ್ ತೆಗೆದು ನೀವೇ ಹಂಚಿ.

ಆರನೆಯದು: ಪ್ರಾರ್ಥನೆ ಮತ್ತು ಬೈಬಲ್ ವಾಕ್ಯ

ಆಟದ ನಡುವೆ ಆಟ ನಿಲ್ಲಿಸಿ ಉಪದೇಶ ಮಾಡಿದರೆ ಮಕ್ಕಳ ಕಣ್ಣು ಚೆಂಡಿನ ಮೇಲೆಯೇ ಇರುತ್ತದೆ. ಕೊನೆಯ ಐದು ನಿಮಿಷ, ನೀರು ಕುಡಿದು ನೆಲದ ಮೇಲೆ ಸುತ್ತ ಕೂತಾಗ, ಅಂದಿನ ಆಟದಲ್ಲಿ ನಡೆದ ಒಂದು ಸಂಗತಿಯಿಂದ ಆರಂಭಿಸಿ. ಯಾರೋ ತನ್ನ ಕೈಗೆ ಚೆಂಡು ತಾಗಿತೆಂದು ತಾನೇ ಹೇಳಿದ್ದರೆ, ನಿಯಮದಂತೆ ಆಡದವನಿಗೆ ಜಯಮಾಲೆ ಇಲ್ಲವೆಂದು ಪೌಲನು ತಿಮೊಥೆಯನಿಗೆ ಬರೆದ ಮಾತು ಆ ದಿನಕ್ಕೆ ಸಾಕು. ಒಂದು ವಾಕ್ಯ, ಒಂದು ಚಿಕ್ಕ ಪ್ರಾರ್ಥನೆ. ಒಪ್ಪಿಗೆಯಿಲ್ಲದ ಮಕ್ಕಳು ಆ ಹೊತ್ತಿನಲ್ಲಿ ಇನ್ನೊಬ್ಬ ಹಿರಿಯರೊಂದಿಗೆ ಕೋನ್ ಜೋಡಿಸುವ, ಚೆಂಡು ಎಣಿಸುವ ಕೆಲಸ ಮಾಡುತ್ತಾರೆ. ನಮ್ಮ ಗುಂಪಿನಲ್ಲಿ ಅದು ಶಿಕ್ಷೆಯೆನಿಸದೆ ಎಲ್ಲರೂ ಬಯಸುವ ಕೆಲಸವಾಗಿದೆ. ಗೆಲುವಿಗಾಗಿ ಪ್ರಾರ್ಥಿಸುವುದನ್ನು ನಾವು ಬಿಟ್ಟಿದ್ದೇವೆ; ಎದುರು ತಂಡದಲ್ಲಿಯೂ ದೇವರ ಮಕ್ಕಳೇ ಇದ್ದಾರೆ.

ಏಳನೆಯದು: ನಿಮ್ಮದೇ ಮಗು ತಂಡದಲ್ಲಿದ್ದಾಗ

ಈ ಸೇವೆಯಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಇದು ಎಂದು ಅನುಭವದಿಂದ ಹೇಳುತ್ತೇನೆ. ಪಕ್ಷಪಾತ ಮಾಡಿದನೆಂಬ ಮಾತು ಬಾರದಿರಲೆಂದು ನಾನು ನನ್ನ ಮಗನ ಮೇಲೆ ಉಳಿದವರಿಗಿಂತ ಹೆಚ್ಚು ಬಿಗಿಯಾಗಿದ್ದೆ. ಒಂದು ಸಂಜೆ ಅವನು ಪಾಸ್ ಕೊಡದೆ ಚೆಂಡು ಕಳೆದುಕೊಂಡಾಗ ಎಲ್ಲರೆದುರು ಗದರಿಸಿದೆ. ಅವನು ಮಾತಾಡದೆ ಬಿಬ್ ಬಿಚ್ಚಿ, ಮಡಚಿ, ಚೀಲದೊಳಗಿಟ್ಟು ಹೋಗಿ ಮೆಟ್ಟಿಲ ಮೇಲೆ ಕೂತ. ತಂದೆಗಳೇ, ಮಕ್ಕಳ ಮನಗುಂದಿಸಬೇಡಿರಿ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿರುವುದನ್ನು ಎಷ್ಟೋ ಸಲ ಓದಿದ್ದೆ. ಮಡಚಿದ ಆ ಬಿಬ್ಬನ್ನು ನೋಡಿದಾಗ ಅದು ನನಗೆ ಬರೆದದ್ದೆಂದು ತಿಳಿಯಿತು. ಮುಂದಿನ ಶನಿವಾರ ಮಕ್ಕಳೆಲ್ಲರ ಎದುರು ಅವನಲ್ಲಿ ಕ್ಷಮೆ ಕೇಳಿದೆ.

ಅಂದಿನಿಂದ ಎರಡು ಏರ್ಪಾಡು ಮಾಡಿಕೊಂಡೆವು. ನನ್ನ ಮಗನಿಗೆ ತಿದ್ದುವ ಮಾತನ್ನು ಹೇಳುವವರು ಇನ್ನೊಬ್ಬ ತರಬೇತುದಾರರು. ಅವರ ಮಗಳಿಗೆ ಹೇಳುವುದು ನಾವು. ಮನೆಗೆ ನಡೆದು ಹೋಗುವ ದಾರಿಯಲ್ಲಿ ಆಟದ ಮಾತನ್ನು ನಾವಾಗಿ ಎತ್ತುವುದಿಲ್ಲ. ಮಗುವೇ ಎತ್ತಿದರೆ ಕೇಳುತ್ತೇವೆ. ಧರ್ಮೋಪದೇಶಕಾಂಡವು ದಾರಿ ನಡೆಯುವಾಗ ಮಕ್ಕಳೊಂದಿಗೆ ಮಾತಾಡಿರಿ ಎಂದಿರುವುದು ದೇವರ ಮಾತುಗಳನ್ನು ಕುರಿತು, ತಪ್ಪಿದ ಪಾಸನ್ನು ಕುರಿತಲ್ಲ.

ಎಂಟನೆಯದು: ಪಂದ್ಯಗಳು ಮತ್ತು ಗೆರೆಯಾಚೆಯ ಹಿರಿಯರು

ಹನ್ನೆರಡು ವರ್ಷದೊಳಗಿನವರಿಗೆ ಎಲ್ಲರಿಗೂ ಸಮಾನ ಹೊತ್ತು ಎಂಬ ನಿಯಮವನ್ನು ಫೈನಲ್ ಪಂದ್ಯದಲ್ಲಿಯೂ ಪಾಲಿಸಿ. ಅದರಿಂದ ಸೋಲುತ್ತೀರಿ. ನಾವೂ ಸೋತಿದ್ದೇವೆ. ಆಗ ಒಬ್ಬ ತಂದೆ ಬಂದು, "ಸರ, ನಮ್ಮ ಹುಡುಗನ್ನ ಯಾಕ ಹೊರಗ ಕೂಡ್ಸಿದ್ರಿ? ಅವನಿದ್ರ ಗೆಲ್ತಿದ್ವಿ" ಎಂದು ಕೇಳಿದರು. ಅವರ ಮಾತು ನಿಜವೂ ಆಗಿತ್ತು. ವಾದಕ್ಕೆ ಇಳಿಯದೆ, ವರ್ಷದ ಆರಂಭದಲ್ಲಿ ಅವರೇ ಸಹಿ ಮಾಡಿದ ನಿಯಮದ ಹಾಳೆಯನ್ನು ನೆನಪಿಸಿ, ಮರುದಿನ ಮನೆಗೆ ಹೋಗಿ ಚಹಾ ಕುಡಿದು ಮಾತಾಡಿದೆವು. ಪಂದ್ಯ ಮುಗಿದ ಅರ್ಧ ಗಂಟೆಯೊಳಗೆ ಯಾವ ಪೋಷಕರೊಂದಿಗೂ ತಂಡದ ಆಯ್ಕೆಯ ಮಾತು ಆಡಬೇಡಿ. ಗೆರೆಯಾಚೆ ನಿಂತು "ಒದಿ, ಒದಿ" ಎಂದು ಕೂಗುವವರಿಗೆ ನೀರಿನ ಬಾಟಲಿಗಳ ಉಸ್ತುವಾರಿ ವಹಿಸಿ. ಕೈಗೆ ಕೆಲಸ ಬಂದರೆ ಕೂಗು ಇಳಿಯುತ್ತದೆ. ರೆಫರಿಯ ತೀರ್ಪನ್ನು ಮಕ್ಕಳೆದುರು ನೀವು ಟೀಕಿಸಿದರೆ ಆ ವರ್ಷದ ಪಾಠಗಳೆಲ್ಲ ಅಲ್ಲಿಗೆ ಮುಗಿದಂತೆ.

ಒಂಬತ್ತನೆಯದು: ಗಾಯ, ಬಿಸಿಲು, ಮಳೆ

ಮಾರ್ಚಿನಿಂದ ಮೇವರೆಗೆ ಸಂಜೆ ಐದರ ನಂತರವೇ ಆಡಿಸಿ, ಹದಿನೈದು ನಿಮಿಷಕ್ಕೊಮ್ಮೆ ನೀರು ಕುಡಿಸಿ; ಕಲಬುರಗಿ, ರಾಯಚೂರಿನ ಕಡೆಯವರು ಬೆಳಗಿನ ಆರು ಗಂಟೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮಳೆಯಲ್ಲಿ ಆಡಬಹುದು, ಗುಡುಗು ಕೇಳಿದರೆ ಕೂಡಲೇ ಒಳಗೆ ಬರಬೇಕು. ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಬಾಗಿಸಬೇಡಿ. ಮುಂದಕ್ಕೆ ಬಾಗಿಸಿ ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಹಿಡಿಯಿರಿ. ಪಾದ ಉಳುಕಿದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು ಕಾಲನ್ನು ಎತ್ತರದಲ್ಲಿಡಿ. ಎಣ್ಣೆ ಹಚ್ಚಿ ನೀವುವುದು ಆಗ ಬೇಡ. ತಲೆಗೆ ಪೆಟ್ಟು ಬಿದ್ದು ಮಗು ಮಂಕಾದರೆ, ತಲೆ ತಿರುಗುತ್ತದೆ ಎಂದರೆ, ಅಂದು ಮತ್ತೆ ಆಡಿಸದೆ ವೈದ್ಯರಿಗೆ ತೋರಿಸಿ. ವಾಂತಿ ಮಾಡಿದರೆ ಅಥವಾ ಪ್ರಜ್ಞೆ ತಪ್ಪಿದರೆ ತಡಮಾಡದೆ 108ಕ್ಕೆ ಕರೆಮಾಡಿ.

ಹತ್ತನೆಯದು: ಮುಂದುವರಿಸಿಕೊಂಡು ಹೋಗುವುದು

ಉತ್ಸಾಹವಿದ್ದ ಮಾತ್ರಕ್ಕೆ ಕಲಿಸಲು ಬರುವುದಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತರಬೇತುದಾರರಿಗಾಗಿ ನಡೆಸುವ ಡಿ ಲೈಸೆನ್ಸ್ ತರಬೇತಿಯನ್ನು ಮನೆಯವರಲ್ಲಿ ಒಬ್ಬರಾದರೂ ಪಡೆಯಿರಿ. ಪ್ರತಿ ಮೂರು ತಿಂಗಳಿಗೊಮ್ಮೆ ಜಮಾಖರ್ಚನ್ನು ಸಭೆಯ ಫಲಕದ ಮೇಲೆ ಹಾಕಿ, ಮೊತ್ತ ಎಷ್ಟೇ ಚಿಕ್ಕದಿರಲಿ. ಹುಡುಗಿಯರು ಹನ್ನೆರಡು ಹದಿಮೂರಕ್ಕೆ ಬಂದಾಗ ಮನೆಯವರು ಸದ್ದಿಲ್ಲದೆ ನಿಲ್ಲಿಸಿಬಿಡುತ್ತಾರೆ. ಆ ಹೊತ್ತಿಗೆ ತಾಯಂದಿರೊಂದಿಗೆ ಮಾತನಾಡಲು ಒಬ್ಬ ಹೆಂಗಸು, ಬಟ್ಟೆ ಬದಲಿಸಲು ಬಾಗಿಲು ಭದ್ರವಾದ ಒಂದು ಕೋಣೆ, ಉದ್ದ ಪ್ಯಾಂಟಿನಲ್ಲಿ ಆಡುವ ಸ್ವಾತಂತ್ರ್ಯ, ಕತ್ತಲಾಗುವ ಮೊದಲೇ ಮುಗಿಯುವ ವೇಳಾಪಟ್ಟಿ ಇದ್ದರೆ ಅನೇಕರು ಉಳಿಯುತ್ತಾರೆ. ಮೇ ತಿಂಗಳಲ್ಲಿ ರಜಾ ಬೈಬಲ್ ಶಾಲೆಯ ಹೊತ್ತಿಗೆ ನಾವು ತರಬೇತಿ ನಿಲ್ಲಿಸಿ, ಮನೆಯವರು ಮನೆಯವರಾಗಿಯೇ ಇರುವ ಒಂದು ತಿಂಗಳನ್ನು ಉಳಿಸಿಕೊಳ್ಳುತ್ತೇವೆ.

ಹಿಂದೆ ನಿಮ್ಮಲ್ಲಿ ಕಲಿತು ಈಗ ಹದಿನೈದು ಹದಿನಾರು ವರ್ಷದವರಾಗಿರುವ ಮಕ್ಕಳಿಗೆ ಸಣ್ಣವರ ಗುಂಪಿನಲ್ಲಿ ಕೆಲಸ ಕೊಡಿ. ಗೇಟಿನ ಹೊರಗೆ ನಿಂತಿದ್ದ ಆ ಹುಡುಗ ಈಗ ನಾಲ್ಕು ಗಂಟೆಗೇ ಬಂದು ಚೆಂಡುಗಳಿಗೆ ಗಾಳಿ ತುಂಬುತ್ತಾನೆ. ಕೆರೆ-ದಡ ಆಡಿಸುವುದು ಅವನೇ. ಆದರೆ ಅವನಿಗೂ ಹದಿನೆಂಟು ತುಂಬಿಲ್ಲ. ಕಾನೂನಿನ ಕಣ್ಣಿನಲ್ಲಿಯೂ ನಮ್ಮ ನಿಯಮದಲ್ಲಿಯೂ ಅವನಿನ್ನೂ ಮಗುವೇ ಆದ್ದರಿಂದ, ವಯಸ್ಕರ ಲೆಕ್ಕಕ್ಕೆ ಅವನನ್ನು ಸೇರಿಸುವುದಿಲ್ಲ. ಅವನಿರುವ ಅಂಗಳದಲ್ಲಿಯೂ ಹಿರಿಯರು ಇದ್ದೇ ಇರಬೇಕು.